ಅಗಲ ಮಾಡುವ ಮೊದಲು ಎಣಿಸಿ: ಸಣ್ಣ ಪಟ್ಟಣಗಳ ರಸ್ತೆ, ಸೇತುವೆ ಯೋಜಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಸಣ್ಣ ಪಟ್ಟಣಗಳ ರಸ್ತೆಗೂ ಸೇತುವೆಗೂ ನಕ್ಷೆ ಬರೆಯುವ ಎಂಜಿನಿಯರುಗಳು, ಅದಕ್ಕೆ ದುಡ್ಡು ಮಂಜೂರು ಮಾಡುವ ಅಧಿಕಾರಿಗಳು, ಕೆಲಸ ಬೇಗ ಶುರುವಾಗಲಿ ಎಂದು ಬೆನ್ನು ಹತ್ತುವ ಜನಪ್ರತಿನಿಧಿಗಳು, ನಿಮ್ಮೆಲ್ಲರಿಗೂ ಸೇರಿಸಿಯೇ ಈ ಪತ್ರ. ನನ್ನ ಬೇಡಿಕೆ ಒಂದೇ. ದಟ್ಟಣೆ ಹುಟ್ಟುವ ಜಾಗ ಯಾವುದು, ಅಲ್ಲಿಗೆ ಬರುವವರು ಯಾರು, ಅವರು ಹೊರಟಿರುವುದು ಎಲ್ಲಿಗೆ ಎಂಬುದನ್ನು ಮೊದಲು ಎಣಿಸಿ, ಬರೆದು, ಜನರ ಮುಂದಿಡಿ. ಆಮೇಲೆ ಗುದ್ದಲಿ ಹಿಡಿಯಿರಿ.

ಟ್ರಾಫಿಕ್ ಜಾಮ್ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ‘ರಸ್ತೆ ಅಗಲ ಮಾಡಿ’. ಆ ಮಾತಿನ ಹಿಂದಿನ ಬೇಗೆ ನನಗೆ ಅರ್ಥವಾಗುತ್ತದೆ. ಆಂಬುಲೆನ್ಸ್ ಸೈರನ್ ಹೊಡೆದುಕೊಂಡು ನಿಂತಲ್ಲೇ ನಿಂತಿರುವುದನ್ನು ನೋಡಿದವರಿಗೆ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಸಣ್ಣ ಪಟ್ಟಣದ ರಸ್ತೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಖಾಲಿ ಇರುತ್ತದೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಕಟ್ಟಿಕೊಳ್ಳುವ ಈ ಸಾಲು ಪ್ರತಿ ಸಲವೂ ಒಂದೋ ಎರಡೋ ಜಾಗದಲ್ಲೇ ಹುಟ್ಟುತ್ತದೆ: ಸೇತುವೆಯ ಬಾಯಿ, ನಾಲ್ಕು ರಸ್ತೆ ಕೂಡುವ ಸರ್ಕಲ್, ಇಲ್ಲವೇ ರೈಲ್ವೆ ಗೇಟು. ಉಳಿದ ರಸ್ತೆಯೆಲ್ಲ ಆ ಸಾಲು ನಿಲ್ಲುವ ಜಾಗ, ಅಷ್ಟೆ. ಬಾಟಲಿಯ ಹೊಟ್ಟೆ ದೊಡ್ಡದು ಮಾಡಿದ ಮಾತ್ರಕ್ಕೆ ಕತ್ತಿನಿಂದ ಸುರಿಯುವ ನೀರು ಹೆಚ್ಚುವುದಿಲ್ಲ. ಎರಡು ಲೇನಿನ ಸೇತುವೆಗೆ ಹೋಗಿ ಸೇರುವ ರಸ್ತೆಯನ್ನು ನಾಲ್ಕು ಲೇನ್ ಮಾಡಿದರೆ, ಉದ್ದಕ್ಕೆ ನಿಂತಿದ್ದ ವಾಹನಗಳು ಅಡ್ಡಡ್ಡಲಾಗಿ ನಿಲ್ಲುತ್ತವೆ. ನಿಮಿಷಕ್ಕೆ ಸೇತುವೆ ದಾಟುವ ವಾಹನಗಳ ಸಂಖ್ಯೆ ಮೊದಲಿನಷ್ಟೇ ಇರುತ್ತದೆ. ನಾಲ್ಕು ಸಾಲು ಎರಡಾಗಿ ಸೇರಿಕೊಳ್ಳುವ ನೂಕುನುಗ್ಗಲಿನಲ್ಲಿ ಅದು ಇನ್ನಷ್ಟು ಕಡಿಮೆಯೂ ಆಗಬಹುದು.

ಲೆಕ್ಕ ಸರಳವಾಗಿದೆ. ಹಸಿರು ದೀಪ ಬಿದ್ದಾಗ ಒಂದು ಲೇನಿನಿಂದ ಸರಿಸುಮಾರು ಎರಡು ಸೆಕೆಂಡಿಗೆ ಒಂದು ಕಾರು ಹೊರಡುತ್ತದೆ. ಇಡೀ ಗಂಟೆ ಹಸಿರೇ ಇದ್ದರೆ 1800ರಿಂದ 1900 ಕಾರು. ಅರ್ಧ ಹೊತ್ತು ಕೆಂಪು ಇದ್ದರೆ ಅದರ ಅರ್ಧ. ಅಂದರೆ ರಸ್ತೆಯ ತಾಕತ್ತು ತೀರ್ಮಾನವಾಗುವುದು ಕೂಡುರಸ್ತೆಯಲ್ಲಿ. ಎರಡು ಸರ್ಕಲ್‌ಗಳ ನಡುವಿನ ಡಾಂಬರು ಎಷ್ಟು ಅಗಲವಿದೆ ಎಂಬುದು ಆಮೇಲಿನ ಮಾತು. ಹೀಗಿದ್ದರೂ ಅಂದಾಜುಪಟ್ಟಿಯಲ್ಲಿ ದುಡ್ಡಿನ ದೊಡ್ಡ ಪಾಲು ಹೋಗುವುದು ಆ ನಡುವಿನ ಡಾಂಬರಿಗೇ. ಉದ್ದದ ಲೆಕ್ಕದಲ್ಲಿ ಕಾಮಗಾರಿ ತೋರಿಸುವುದು ಸುಲಭ. ಸರ್ಕಲ್‌ನ ಒಂದು ಮೂಲೆ ಸರಿಪಡಿಸಿದ್ದನ್ನು ಫೋಟೊದಲ್ಲಿ ತೋರಿಸುವುದು ಕಷ್ಟ.

ಒಂದೇ ವಾಹನ ಹಿಡಿಸುವ ಹಳೆಯ ಸೇತುವೆಯ ಎದುರು ಸಂಜೆ ಹೊತ್ತು ನಿಂತು ನೋಡಿ. ಈ ಕಡೆಯಿಂದ ಒಂದು ಲಾರಿ, ಆ ಕಡೆಯಿಂದ ಒಂದು ಬಸ್ಸು, ನಡುಸೇತುವೆಯಲ್ಲಿ ಮುಖಾಮುಖಿ. ಹಿಂದೆ ಸರಿಯೋಣವೆಂದರೆ ಇಬ್ಬರ ಬೆನ್ನಿಗೂ ಆಗಲೇ ಬೈಕುಗಳು ಅಂಟಿಕೊಂಡಿವೆ. ಆ ಬೈಕುಗಳ ಹಿಂದೆ ಆಟೊ, ಆಟೊ ಪಕ್ಕದಲ್ಲಿ ಎದುರಿನವರಿಗೆ ಬಿಡಬೇಕಾಗಿದ್ದ ಅರ್ಧ ರಸ್ತೆಯಲ್ಲೂ ಕಾರು. ಬಸ್ಸಿನ ಕಂಡಕ್ಟರ್ ಇಳಿದು ಒಂದೊಂದೇ ವಾಹನವನ್ನು ಹಿಂದಕ್ಕೆ ತಳ್ಳಿಸುತ್ತಾನೆ. ಸೇತುವೆ ಅಷ್ಟು ಹೊತ್ತೂ ಯಾರಿಗೂ ಕೆಲಸಕ್ಕೆ ಬಾರದೆ ನಿಂತಿರುತ್ತದೆ.

ಇದೇ ಸೇತುವೆಗೆ ಎರಡೂ ತುದಿಯಲ್ಲಿ ದೀಪ ಹಾಕಿ, ಒಂದು ಕಡೆಯವರನ್ನು ಬಿಟ್ಟು ಇನ್ನೊಂದು ಕಡೆಯವರನ್ನು ತಡೆದರೆ ಏನಾಗುತ್ತದೆ? ಸೇತುವೆ 60 ಮೀಟರ್ ಉದ್ದ ಎಂದುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಹತ್ತಿರ ಹತ್ತಿರ 11 ಸೆಕೆಂಡು. ಎಚ್ಚರಿಕೆಗೆ ಇನ್ನು ನಾಲ್ಕು ಸೇರಿಸಿ, ಪ್ರತಿ ಸಲ ದಿಕ್ಕು ಬದಲಿಸುವಾಗ 15 ಸೆಕೆಂಡು ವ್ಯರ್ಥವಾಯಿತೆನ್ನೋಣ. 90 ಸೆಕೆಂಡಿನ ಸುತ್ತಿನಲ್ಲಿ 30 ಹೋಯಿತು, ಉಳಿದದ್ದು ಒಂದೊಂದು ಕಡೆಗೆ 30. ಒಂದು ಹಸಿರಿಗೆ 15 ಕಾರು, ಗಂಟೆಗೆ 40 ಸುತ್ತು, ಅಂದರೆ ಒಂದೊಂದು ದಿಕ್ಕಿನಲ್ಲೂ 600 ಕಾರು. ಬಸ್ಸು, ಲಾರಿ ಹೆಚ್ಚಿದ್ದರೆ ಇದು ಇಳಿಯುತ್ತದೆ, ಬೈಕುಗಳೇ ಹೆಚ್ಚಿದ್ದರೆ ಏರುತ್ತದೆ. ಹೊಸ ಸೇತುವೆ ಬರುವವರೆಗಿನ ವರ್ಷಗಳನ್ನು ಇಷ್ಟರಲ್ಲೇ ದೂಡಬಹುದಾದ ಪಟ್ಟಣಗಳು ಎಷ್ಟೋ ಇವೆ. ಆದರೂ ‘ಹೊಸ ಸೇತುವೆ ಬರಲಿದೆ’ ಎಂಬ ಒಂದೇ ಕಾರಣಕ್ಕೆ ಹಳೆಯದಕ್ಕೆ ಎರಡು ದೀಪವನ್ನೂ ಹಾಕದೆ ಬಿಟ್ಟಿರುತ್ತೇವೆ. ರೈಲ್ವೆ ಗೇಟಿನ ಕಥೆಯೂ ಇದೇ. ಗೇಟು ಐದು ನಿಮಿಷ ಮುಚ್ಚಿದರೆ ಕಟ್ಟುವ ಸಾಲಿಗಿಂತ, ಮುಚ್ಚಿದಾಗ ಎರಡೂ ಕಡೆಯವರು ಇಡೀ ರಸ್ತೆ ತುಂಬಿ ನಿಲ್ಲುವುದರಿಂದ ಆಗುವ ನಷ್ಟ ದೊಡ್ಡದು. ಮೇಲ್ಸೇತುವೆಗೆ ಮಂಜೂರಾತಿ ಬರುವ ತನಕ ನಡುವೆ ಒಂದು ಗಟ್ಟಿಯಾದ ವಿಭಜಕವಾದರೂ ಇರಲಿ.

ದಟ್ಟಣೆಗೆ ಇನ್ನೊಂದು ಗುಣವಿದೆ. ಅದು ವಾಹನಗಳ ಸಂಖ್ಯೆಗೆ ತಕ್ಕಂತೆ ಒಂದೇ ಸಮನೆ ಏರುವುದಿಲ್ಲ. ರಸ್ತೆ ತನ್ನ ತಾಕತ್ತಿನ ಹತ್ತಿರ ಹೋಗುವವರೆಗೆ ಎಲ್ಲ ಸಲೀಸು. ಕೊನೆಯ ಶೇ 10ರಷ್ಟು ತುಂಬುವಾಗ ಕಾಯುವ ಹೊತ್ತು ಒಮ್ಮೆಲೇ ಜಿಗಿಯುತ್ತದೆ. ಸರತಿ ಸಾಲಿನ ಗಣಿತದ ಅತಿ ಸರಳ ಮಾದರಿಯಲ್ಲೇ, ಶೇ 80ರಷ್ಟು ತುಂಬಿದ ಕೌಂಟರಿಗಿಂತ ಶೇ 90ರಷ್ಟು ತುಂಬಿದ ಕೌಂಟರಿನಲ್ಲಿ ಕಳೆಯುವ ಹೊತ್ತು ಎರಡರಷ್ಟು. ಶಾಲೆಗೆ ರಜೆ ಇದ್ದ ದಿನ ಅದೇ ರಸ್ತೆ ಬೇರೆಯದೇ ಊರಿನದು ಎನ್ನಿಸುವುದು ಇದಕ್ಕೇ. ಅವತ್ತು ಕಡಿಮೆಯಾದದ್ದು ವಾಹನಗಳ ಒಂದು ಸಣ್ಣ ಪಾಲು ಮಾತ್ರ. 2008ರಲ್ಲಿ ಜಪಾನಿನ ವಿಜ್ಞಾನಿಗಳು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಿ ನೋಡಿದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ತಾನಾಗಿಯೇ ಹುಟ್ಟಿ ಹಿಮ್ಮುಖವಾಗಿ ಚಲಿಸತೊಡಗಿತು. ರಸ್ತೆ ತುಂಬಿ ತುಳುಕುವಾಗ ಒಬ್ಬರ ಬ್ರೇಕು ಸಾಕು.

ಇದರಲ್ಲಿ ನಮಗೆ ಆಸೆ ಮೂಡಿಸುವ ಸಂಗತಿಯೂ ಇದೆ. ಬಿಕ್ಕಟ್ಟು ಕೊನೆಯ ಶೇ 10ರಲ್ಲಿದ್ದರೆ ಪರಿಹಾರವೂ ಅಲ್ಲೇ ಇರಬಹುದು. ಸೇತುವೆಯ ಬಾಯಿಗೇ ಇರುವ ಬಸ್ ನಿಲ್ದಾಣವನ್ನು ನೂರು ಮೀಟರ್ ಹಿಂದಕ್ಕೆ ಸರಿಸಿ, ರಸ್ತೆಯಿಂದ ಒಳಗೆ ಬಸ್‌ಬೇ, ಅಂದರೆ ಬಸ್ಸು ನಿಲ್ಲಲು ಬೇರೆ ಜಾಗ, ಕೊಡುವುದು. ಸರಕು ಇಳಿಸುವ ಲಾರಿಗಳಿಗೆ ಬೆಳಗಿನ ಜಾವದ ಸಮಯ ಗೊತ್ತು ಮಾಡುವುದು. ಶಾಲೆ ಬಿಡುವ ಹೊತ್ತನ್ನು ತರಗತಿವಾರು ಹದಿನೈದು ನಿಮಿಷ ಹಿಂದೆ ಮುಂದೆ ಮಾಡುವುದು. ಬಲಕ್ಕೆ ತಿರುಗುವವರು ನಿಲ್ಲಲು ನಾಲ್ಕು ಕಾರಿನಷ್ಟು ಜಾಗವನ್ನು ಬಣ್ಣದ ಗೆರೆ ಎಳೆದು ಬಿಡಿಸಿಕೊಡುವುದು. ಕಟ್ಟಡ ಒಡೆಯಬೇಕಾಗಿಲ್ಲ, ಯಾರ ಅಂಗಡಿಯ ಮುಂಭಾಗವೂ ಹೋಗಬೇಕಾಗಿಲ್ಲ. ಇವನ್ನು ಮಾಡಿ ನೋಡದೆ ಭೂಸ್ವಾಧೀನದ ನೋಟಿಸು ಕೊಡುವುದು ಅನ್ಯಾಯ ಎಂದೇ ನನ್ನ ಖಚಿತ ಅಭಿಪ್ರಾಯ.

ಇನ್ನು ಎಣಿಕೆಯ ವಿಷಯ. ದಿನಕ್ಕೆ ಒಟ್ಟು ಇಷ್ಟು ವಾಹನ ಎಂಬ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಬರೆಯಬೇಕು, ಪ್ರತಿ ಸರ್ಕಲ್‌ನಲ್ಲಿ ಎಡಕ್ಕೆ, ನೇರಕ್ಕೆ, ಬಲಕ್ಕೆ ಹೋದವರನ್ನು ಬೇರೆ ಬೇರೆ ಬರೆಯಬೇಕು. ಸಾಧಾರಣ ದಿನವೂ ಬೇಕು, ವ್ಯಾಪಾರ ಜೋರಾಗಿರುವ ದಿನವೂ ಬೇಕು. ನಡೆದು ಹೋಗುವವರನ್ನೂ ಸೈಕಲ್ಲಿನವರನ್ನೂ ಬಿಡಬಾರದು, ಎಣಿಸದವರಿಗೆ ನಕ್ಷೆಯಲ್ಲಿ ಜಾಗ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಪಟ್ಟಣದ ಎಲ್ಲ ಪ್ರವೇಶಗಳಲ್ಲೂ ನಂಬರ್ ಪ್ಲೇಟ್ ಬರೆದುಕೊಂಡು ಹೋಲಿಸಿ ನೋಡುವ ಸರ್ವೆ. ಈ ತುದಿಯಲ್ಲಿ ಒಳಬಂದ ಲಾರಿ ಇಪ್ಪತ್ತು ನಿಮಿಷದಲ್ಲಿ ಆ ತುದಿಯಲ್ಲಿ ಹೊರಹೋದರೆ ಅದಕ್ಕೆ ಪಟ್ಟಣದಲ್ಲಿ ಕೆಲಸವಿರಲಿಲ್ಲ ಎಂದರ್ಥ. ಹಾಗೆ ಸುಮ್ಮನೆ ಹಾದುಹೋಗುವ ವಾಹನಗಳು ಎಷ್ಟು ಪಾಲು ಎಂಬುದು ಗೊತ್ತಾಗದೆ ಬೈಪಾಸ್ ಬೇಕೋ ಬೇಡವೋ ಎಂದು ಹೇಳಲು ಯಾರಿಂದಲೂ ಆಗದು.

ಬೈಪಾಸ್ ಬಗ್ಗೆ ಎರಡು ಮಾತು. ಹಾದುಹೋಗುವವರು ಅರ್ಧದಷ್ಟಿದ್ದರೆ ಬೈಪಾಸ್ ಪಟ್ಟಣಕ್ಕೆ ಉಸಿರು ಕೊಡುತ್ತದೆ. ಅದರಲ್ಲೂ ಭಾರಿ ವಾಹನಗಳು ಹೊರಗೆ ಹೋಗುವುದೇ ದೊಡ್ಡ ಲಾಭ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಗೊತ್ತಾದಂತೆ, ಆಕ್ಸಲ್ (ಗಾಲಿಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಪಟ್ಟಣದೊಳಗಿನ ರಸ್ತೆ ವರ್ಷ ವರ್ಷ ಕಿತ್ತುಹೋಗುವುದರ ಹಿಂದೆ ಓವರ್‌ಲೋಡ್ ಲಾರಿಗಳ ಪಾಲು ದೊಡ್ಡದು. ಆದರೆ ಹಾದುಹೋಗುವವರು ಐದರಲ್ಲಿ ಒಂದು ಪಾಲು ಮಾತ್ರ ಇದ್ದರೆ, ಬೈಪಾಸ್ ಉದ್ಘಾಟನೆಯಾದ ಮಾರನೆಯ ದಿನವೂ ನಾಲ್ಕು ಪಾಲು ಜನ ಹಳೆಯ ಸರ್ಕಲ್‌ನಲ್ಲೇ ನಿಂತಿರುತ್ತಾರೆ. ಇನ್ನೊಂದು: ಬೈಪಾಸ್ ಉದ್ದಕ್ಕೂ ಸೈಟುಗಳಿಗೂ ಅಂಗಡಿಗಳಿಗೂ ನೇರ ದಾರಿ ಕೊಟ್ಟರೆ ಹತ್ತು ಹದಿನೈದು ವರ್ಷದಲ್ಲಿ ಅದೇ ಪಟ್ಟಣದ ಹೊಸ ಮುಖ್ಯರಸ್ತೆಯಾಗಿ ಅದಕ್ಕೊಂದು ಬೈಪಾಸ್ ಹುಡುಕಬೇಕಾಗುತ್ತದೆ. ಪ್ರವೇಶಕ್ಕೆ ಕಡಿವಾಣ ಹಾಕುವ ಆದೇಶ ಬೈಪಾಸ್ ಜೊತೆಗೇ ಹೊರಡಲಿ.

ಸರ್ಕಲ್‌ಗಳಿಗೆ ಸಿಗ್ನಲ್ ಒಂದೇ ಮದ್ದೆಂದು ತಿಳಿಯಬೇಡಿ. ನಾಲ್ಕು ರಸ್ತೆ ಸೇರುವ ಸಾಮಾನ್ಯ ಕೂಡಿನಲ್ಲಿ ವಾಹನಗಳ ದಾರಿ ಒಂದನ್ನೊಂದು ಕತ್ತರಿಸುವ, ಸೇರುವ, ಬೇರೆಯಾಗುವ ಜಾಗಗಳು 32. ನಡುವಿನ ಕಟ್ಟೆಯನ್ನು ಸುತ್ತಿಕೊಂಡು ಹೋಗುವ ಒಂದೇ ಲೇನಿನ ವೃತ್ತದಲ್ಲಿ (ರೌಂಡ್‌ಅಬೌಟ್) ಅವು 8. ವೃತ್ತದೊಳಗೆ ಇರುವವರಿಗೇ ಮೊದಲ ಹಕ್ಕು, ಒಳಗೆ ಬರುವವರು ಕಾಯಬೇಕು ಎಂಬ ನಿಯಮವನ್ನು ಬ್ರಿಟನ್ 1966ರಲ್ಲಿ ಜಾರಿಗೆ ತಂದ ಮೇಲೆ ವೃತ್ತಗಳು ಅಲ್ಲಿ ಕಟ್ಟಿಕೊಳ್ಳುವುದು ನಿಂತಿತು. ಅಮೆರಿಕದಲ್ಲಿ ಸಿಗ್ನಲ್ ಮತ್ತು ಸ್ಟಾಪ್ ಫಲಕಗಳ ಕೂಡುರಸ್ತೆಗಳನ್ನು ಇಂಥ ವೃತ್ತಗಳಾಗಿ ಬದಲಿಸಿದ ಕಡೆ ಗಾಯವಾಗುವ ಅಪಘಾತಗಳು ಮುಕ್ಕಾಲು ಪಾಲಿನಷ್ಟು ಇಳಿದವು. ಕರೆಂಟು ಹೋದರೂ ವೃತ್ತ ಕೆಲಸ ಮಾಡುತ್ತದೆ. ಒಂದೇ ಷರತ್ತು, ಅದರ ನಡುವೆ ಎದುರಿನವರು ಕಾಣದಷ್ಟು ಎತ್ತರದ ಕಟ್ಟೆ ಕಟ್ಟಬಾರದು, ಅದರ ಬಾಯಿಗಳಲ್ಲಿ ವಾಹನ ನಿಲ್ಲಿಸಲು ಬಿಡಬಾರದು.

ಸೇತುವೆಯ ವಿಷಯಕ್ಕೆ ಬರುತ್ತೇನೆ. ರಸ್ತೆ ತಪ್ಪಾದರೆ ಐದು ವರ್ಷದಲ್ಲಿ ತಿದ್ದಬಹುದು. ಸೇತುವೆ ತಪ್ಪಾದರೆ ಮೊಮ್ಮಕ್ಕಳ ಕಾಲದವರೆಗೂ ಅದೇ ಗತಿ, ಯಾಕೆಂದರೆ ಅದನ್ನು ಕಟ್ಟುವುದೇ ನೂರು ವರ್ಷದ ಲೆಕ್ಕದಲ್ಲಿ. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತನ್ನು ನಿಮ್ಮ ವರದಿಗಳಲ್ಲಿ ಓದುತ್ತೇವೆ. ಅದರ ಅರ್ಥ ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ 1 ಎಂದು. ಆ ಲೆಕ್ಕದಲ್ಲಿ ಸೇತುವೆಯ ನೂರು ವರ್ಷದ ಆಯುಷ್ಯದಲ್ಲಿ ಅಂಥ ಪ್ರವಾಹ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 63. ಖರ್ಚು ಉಳಿಸಲೆಂದು ಸೇತುವೆಯ ಉದ್ದ ಕಡಿಮೆ ಮಾಡಿ, ಎರಡೂ ಕಡೆ ಮಣ್ಣಿನ ಏರಿ ಹಾಕಿ ಹೊಳೆಯನ್ನು ಹಿಂಡಿದರೆ, ನೀರು ವೇಗ ಹೆಚ್ಚಿಸಿಕೊಂಡು ಕಂಬದ ಬುಡವನ್ನೇ ಕೊರೆಯುತ್ತದೆ. ಜಗತ್ತಿನಲ್ಲಿ ಸೇತುವೆಗಳು ಬೀಳುವ ಕಾರಣಗಳಲ್ಲಿ ಈ ಕೊರೆತ ಮುಂಚೂಣಿಯಲ್ಲಿದೆ. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹಾರಿ ಕ್ರೀಕ್ ಸೇತುವೆ ಬಿದ್ದು 10 ಜನ ಸತ್ತದ್ದು ಹೀಗೆಯೇ. ಮೇಲಿನಿಂದ ನೋಡಿದವರಿಗೆ ಸೇತುವೆ ಗಟ್ಟಿಮುಟ್ಟಾಗಿಯೇ ಕಂಡಿತ್ತು, ನೀರಿನಡಿ ಬುನಾದಿ ಟೊಳ್ಳಾಗಿತ್ತು.

ಹಾಗಾಗಿ ಹೊಸದನ್ನು ಯೋಜಿಸುವ ಮೊದಲು ಇರುವುದರ ಮೇಲೆ ಒಮ್ಮೆ ನಡೆದು ನೋಡಿ. ಕಾರಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ಎರಡು ಸ್ಲ್ಯಾಬ್ ಕೂಡುವ ಕಡೆ ಎಕ್ಸ್‌ಪ್ಯಾನ್ಷನ್ ಜಾಯಿಂಟಿನ ರಬ್ಬರು ಕಿತ್ತುಹೋಗಿ ಅಂಗೈಯಷ್ಟು ಅಗಲದ ಕಂದಕ ಬಿದ್ದಿರುತ್ತದೆ. ಪ್ರತಿ ವಾಹನವೂ ಅಲ್ಲಿ ಬಂದು ಬ್ರೇಕ್ ಹಾಕುತ್ತದೆ. ಜಾಮ್ ಹುಟ್ಟುವ ಜಾಗ ಎಷ್ಟೋ ಸಲ ಇದೇ ಒಂದು ಗೆರೆ. ಮಳೆನೀರು ಆ ಸಂದಿನಿಂದಲೇ ಇಳಿದು ಸ್ಲ್ಯಾಬಿನ ಭಾರ ಹೊರುವ ಕೆಳಗಿನ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಅಂಚಿನಲ್ಲಿ ನೀರು ಹೋಗುವ ತೂತುಗಳು ಮಣ್ಣು ತುಂಬಿ ಮುಚ್ಚಿರುತ್ತವೆ. ಕೈಗಂಬಿಯ ಬುಡದ ಬಿರುಕಿನಲ್ಲಿ ಅರಳಿ ಸಸಿ ಮೊಳೆತಿರುತ್ತದೆ, ಅದರ ಬೇರು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತಿರುತ್ತದೆ. ಇಷ್ಟನ್ನೂ ಸರಿಪಡಿಸಲು ದೊಡ್ಡ ಯೋಜನೆ ಬೇಡ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಹೊಣೆ ಹೊತ್ತ ಒಬ್ಬರು ಬಂದು ನೋಡಿ ಬರೆದರೆ ಸಾಕು.

ನೋಡದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರದ್ದೂ ಇವೆ, ಹತ್ತಿರದ್ದೂ ಇವೆ. ಇಟಲಿಯ ಜೆನೊವಾದಲ್ಲಿ 1967ರಲ್ಲಿ ಬಳಕೆಗೆ ಬಂದ ಮೊರಾಂಡಿ ಸೇತುವೆ 2018ರ ಆಗಸ್ಟ್ 14ರಂದು ಕುಸಿದು 43 ಜನ ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು, ಎರಡು ಬಸ್ಸುಗಳು ಪ್ರಯಾಣಿಕರ ಸಮೇತ ನದಿಪಾಲಾದವು. ಅಲ್ಲಿ ಹೊಸ ಸೇತುವೆಯನ್ನು 165 ದಿನಗಳಲ್ಲಿ ಕಟ್ಟಿ ಮರುವರ್ಷದ ಜೂನ್‌ನಲ್ಲೇ ತೆರೆದರು. ಈ ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಾವಾದ ಮೇಲೆ 165 ದಿನ ಸಾಕಾಗುವುದಾದರೆ ಸಾವಿಗೆ ಮೊದಲು ಫೈಲು ಅಷ್ಟು ವರ್ಷ ಯಾಕೆ ಮಲಗಿರಬೇಕು? 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ರಕ್ಷಿಸಲಾಯಿತು. ಪಕ್ಕದಲ್ಲಿ ಇನ್ನೊಂದು ಸೇತುವೆ ಇದ್ದುದರಿಂದ ಹೊಳೆಯ ಎರಡೂ ದಡಗಳ ನಂಟು ಪೂರ್ತಿ ಕಡಿಯಲಿಲ್ಲ.

ಹೊಳೆ ದಾಟಲು ಒಂದೇ ದಾರಿ ಇರುವ ಪಟ್ಟಣಗಳನ್ನು ಇದಕ್ಕಾಗಿಯೇ ಪಟ್ಟಿ ಮಾಡಿ ಎನ್ನುತ್ತೇನೆ. ಎರಡನೆಯ ಸೇತುವೆ ಅಲ್ಲಿ ಅನುಕೂಲಕ್ಕಷ್ಟೇ ಅಲ್ಲ, ಜೀವ ಉಳಿಸಲೂ ಬೇಕು. ಆದರೆ ಎಲ್ಲಿ ಕಟ್ಟುತ್ತೀರಿ ಎಂಬುದು ಮುಖ್ಯ. ಹಳೆಯದರ ಮಗ್ಗುಲಲ್ಲೇ ಕಟ್ಟಿದರೆ ಜಾಗ ಸುಲಭವಾಗಿ ಸಿಗುತ್ತದೆ, ಆದರೆ ಎರಡೂ ಸೇತುವೆಯ ವಾಹನಗಳು ಬಂದು ಬೀಳುವುದು ಅದೇ ಸರ್ಕಲ್‌ಗೆ. ಒಂದು ಕಿಲೋಮೀಟರ್ ಮೇಲೋ ಕೆಳಗೋ ಕಟ್ಟಿದರೆ ಹೊರೆ ಹಂಚಿಹೋಗುತ್ತದೆ. ಕಾಳಿ ಸೇತುವೆಯಂಥ ಹೆದ್ದಾರಿಯ ಮಾತು ಬೇರೆ, ಪಟ್ಟಣದ ನಡುವಿನ ಹೊಳೆಗೆ ದೂರದ ಜಾಗವೇ ಲೇಸೆಂದು ನನ್ನ ನಂಬಿಕೆ. ಅಲ್ಲಿಯೂ ಎಚ್ಚರ ಬೇಕು. ಹೊಸ ದಾರಿಯೊಂದನ್ನು ಸೇರಿಸಿದಾಗ ಎಲ್ಲರ ಪ್ರಯಾಣವೂ ಮೊದಲಿಗಿಂತ ತಡವಾಗುವ ಸಾಧ್ಯತೆ ಉಂಟೆಂದು ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೇಸ್ 1968ರಲ್ಲೇ ತೋರಿಸಿಕೊಟ್ಟರು. ಎಲ್ಲರೂ ಹೊಸ ಅಡ್ಡದಾರಿ ಹಿಡಿದು ಕೊನೆಗೆ ಅದೇ ಇಕ್ಕಟ್ಟಿನ ಎರಡು ತುಂಡುಗಳಿಗೆ ಹೋಗಿ ಸೇರಿಕೊಂಡರೆ ಹಾಗಾಗುತ್ತದೆ. ಜಾಲವನ್ನು ಒಟ್ಟಾಗಿ ಲೆಕ್ಕ ಹಾಕದೆ ಒಂದೊಂದೇ ಕೊಂಡಿ ಜೋಡಿಸಬೇಡಿ.

ಹೊಸ ಸೇತುವೆಗೆ ಎರಡೂ ಬದಿ ಪಾದಚಾರಿ ದಾರಿ ಇರಲೇಬೇಕು, ಇಬ್ಬರು ಎದುರುಬದುರಾದರೆ ಒಬ್ಬರು ರಸ್ತೆಗೆ ಇಳಿಯಬೇಕಾಗದಷ್ಟು ಅಗಲ, ಗಾಲಿಕುರ್ಚಿ ಹೋಗುವಷ್ಟು ಸಮ. ನೀರಿನ ಪೈಪು, ಕೇಬಲ್ಲುಗಳಿಗೆ ಮೊದಲೇ ಜಾಗ ಬಿಡಿ, ಆಮೇಲೆ ಕಾಂಕ್ರೀಟು ಕೊರೆಯುವುದು ತಪ್ಪುತ್ತದೆ.

ಅಗಲವಾದ ರಸ್ತೆ ಯಾರಿಗೆ ಭಾರವಾಗುತ್ತದೆ ಎಂಬುದನ್ನೂ ನೋಡಿ. ಏಳು ಮೀಟರ್ ರಸ್ತೆಯನ್ನು ಸಾಮಾನ್ಯ ನಡಿಗೆಯಲ್ಲಿ ದಾಟಲು ಆರು ಸೆಕೆಂಡು, ಹದಿನಾಲ್ಕು ಮೀಟರ್ ದಾಟಲು ಹನ್ನೆರಡು. ವಯಸ್ಸಾದವರಿಗೆ, ಮಗುವಿನ ಕೈ ಹಿಡಿದವರಿಗೆ ಇನ್ನೂ ಹೆಚ್ಚು. ನಡುವೆ ನಿಲ್ಲಲು ಸುರಕ್ಷಿತ ಜಾಗವಿಲ್ಲದಿದ್ದರೆ ಅಷ್ಟು ಹೊತ್ತೂ ಅವರು ವೇಗದ ವಾಹನಗಳ ಎದುರಿಗೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗ್ಗೆ, ಸಂಜೆಯ ಎರಡು ಗಂಟೆಯ ಜಾಮ್ ನೀಗಿಸಲು ಹೋಗಿ ಉಳಿದ ಇಪ್ಪತ್ತೆರಡು ಗಂಟೆ ವಾಹನಗಳು ಹಾರಿಹೋಗುವಂಥ ರಸ್ತೆ ಮಾಡಿದರೆ ಆ ಲೆಕ್ಕವನ್ನು ಯಾವ ಮನೆಯವರೂ ಕ್ಷಮಿಸಲಾರರು.

ಕಾಮಗಾರಿಯ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬದಲಿ ದಾರಿ ಸಿದ್ಧವಾಗದೆ ಹಳೆಯದನ್ನು ಮುಚ್ಚಬೇಡಿ, ಬುನಾದಿ ಕೆಲಸ ನೀರಿಳಿದ ತಿಂಗಳುಗಳಲ್ಲೇ ಮುಗಿಯುವಂತೆ ಟೆಂಡರಿನ ದಿನಾಂಕ ಗೊತ್ತು ಮಾಡಿ, ಒಳಚರಂಡಿ ಇಲಾಖೆಯವರನ್ನು ಡಾಂಬರಿಗೆ ಮೊದಲು ಕರೆಯಿರಿ.

ಪತ್ರ ಓದುವ ಊರಿನವರಿಗೂ ಒಂದು ವಿನಂತಿ. ಇಕ್ಕೆಲಗಳಲ್ಲೂ ವಾಹನ ನಿಲ್ಲಿಸಿದ ನಾಲ್ಕು ಲೇನಿನ ರಸ್ತೆ ಎರಡು ಲೇನಿನ ರಸ್ತೆಯೇ. ನಮ್ಮ ಅಂಗಡಿಯ ಮುಂದೆ ಮಾತ್ರ ನಿಲ್ಲಿಸಲು ಬಿಡಿ ಎಂದು ಒಬ್ಬೊಬ್ಬರೂ ಕೇಳುತ್ತ ಹೋದರೆ ಯಾವ ಯೋಜನೆಯೂ ದಡ ಹತ್ತುವುದಿಲ್ಲ. ಅಹವಾಲು ಸಭೆ ಕರೆದಾಗ ಹೋಗಿ. ನಿಮ್ಮ ಸರ್ಕಲ್‌ನಲ್ಲಿ ಬಸ್ಸು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ, ಹೊಳೆ ಯಾವ ವರ್ಷ ಎಲ್ಲಿಯವರೆಗೆ ಏರಿತ್ತು, ಈ ಮಾಹಿತಿ ನಿಮ್ಮ ಬಳಿ ಇರುವಷ್ಟು ಯಾವ ಸಲಹಾ ಸಂಸ್ಥೆಯ ಬಳಿಯೂ ಇಲ್ಲ.

ಮಾನ್ಯರೇ, ಕೊನೆಯದಾಗಿ ಮೂರು ಕಾಗದಗಳನ್ನು ಕೇಳುತ್ತಿದ್ದೇನೆ. ಡಿಪಿಆರ್ (ವಿವರವಾದ ಯೋಜನಾ ವರದಿ) ಅಂತಿಮವಾಗುವ ಮೊದಲೇ ಅವು ಪುರಸಭೆಯ ಹಲಗೆಯ ಮೇಲೆ ಅಂಟಿರಲಿ. ಸರ್ಕಲ್ ಮತ್ತು ಸೇತುವೆಗಳ ಹದಿನೈದು ನಿಮಿಷಗಳ ಎಣಿಕೆಯ ಹಾಳೆ, ಹಾದುಹೋಗುವ ವಾಹನಗಳ ಪಾಲು ಹೇಳುವ ಸರ್ವೆ, ಇರುವ ಸೇತುವೆಯ ನೀರಿನಡಿಯ ಬುನಾದಿಯನ್ನು ಕೊನೆಯ ಸಲ ಯಾರು, ಯಾವ ದಿನ ನೋಡಿದರು ಎಂಬ ತಪಾಸಣೆಯ ವರದಿ. ಮೂರನೆಯದು ಇಲ್ಲವೆಂದಾದರೆ ಮೊದಲೆರಡಕ್ಕೆ ಕಾಯಬೇಡಿ. ಮುಂದಿನ ಮಳೆಗೆ ಮುಂಚೆ ಒಬ್ಬ ಮುಳುಗುಗಾರನನ್ನೂ ಒಬ್ಬ ಸೇತುವೆ ಎಂಜಿನಿಯರನ್ನೂ ಕಳಿಸಿ.

ಇಂತಿ,
ದಿನವೂ ಹೊಳೆ ದಾಟುವ ಒಬ್ಬ ನಾಗರಿಕ